ಗೆಳತಿ ಕಾಯಂ ಊರಿಗೆ ಮರಳುವಾಗ ಉಳಿಯುವವರ ಪಾಡು

ಪ್ರಶ್ನೆ: ನಾನು ಹುಬ್ಬಳ್ಳಿಯ ಕೇಶ್ವಾಪುರದವಳು. ಯಜಮಾನರ ನೌಕರಿಯ ನಿಮಿತ್ತ ಶಾರ್ಜಾಕ್ಕೆ ಬಂದು ಹನ್ನೊಂದು ವರ್ಷಗಳಾದವು. ನಮ್ಮ ಬಿಲ್ಡಿಂಗಿನಲ್ಲಿಯೇ ಇರುವ ಗದಗಿನ ಗೆಳತಿಯ ಕುಟುಂಬವು ಮಾರ್ಚಿಯಲ್ಲಿ ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಕಾಯಂ ಆಗಿ ಊರಿಗೆ ಮರಳುತ್ತಿದೆ. ಕೆಲವೇ ವರ್ಷಗಳಲ್ಲಿ ಹೀಗೆ ಹೊರಟುಹೋಗುತ್ತಿರುವ ಮೂರನೆಯ ಆಪ್ತ ಗೆಳತಿ ಇವಳು. ಅವಳು ಹೋಗುವ ಸುದ್ದಿಯೂ ನನಗೆ ಶಾಲಾ ಬಸ್ಸಿಗೆ ಕಾಯುವ ಬೇರೆ ತಾಯಂದಿರಿಂದ ತಿಳಿಯಿತು. ಅಂದಿನಿಂದ ಅವಳೊಂದಿಗೆ ಸಣ್ಣ ಮಾತಿಗೂ ಜಗಳವಾಗುತ್ತಿದೆ. ಒಬ್ಬಳೇ ಇದ್ದಾಗ ಅಳು ಬರುತ್ತದೆ. 'ಹುಬ್ಬಳ್ಳಿಗೂ ಗದಗಕ್ಕೂ ಒಂದು ತಾಸಿನ ಹಾದಿ, ರಜೆಗೆ ಹೋದಾಗ ಭೆಟ್ಟಿ ಆಗ್ತೀರಿ, ಇದಕ್ಯಾಕ ಇಷ್ಟು ಹಚ್ಚಿಕೊಳ್ತಿ' ಎಂದು ಯಜಮಾನರು ಕೇಳುತ್ತಾರೆ. ಒಂಬತ್ತು ವರ್ಷದ ಮಗಳು ಗೆಳತಿಯ ಮಗಳೊಂದಿಗೆ ಆಡುವುದನ್ನೇ ಬಿಟ್ಟಿದ್ದಾಳೆ. ಸಂಘದ ಹೆಣ್ಣುಮಕ್ಕಳು ಹೋಟೆಲಿನಲ್ಲಿ ಬೀಳ್ಕೊಡುಗೆಯ ಊಟ ಇಟ್ಟುಕೊಂಡಿದ್ದಾರೆ, ನನಗೆ ಹೋಗುವ ಮನಸ್ಸಿಲ್ಲ. ಇನ್ನು ಮುಂದೆ ಯಾರನ್ನೂ ಹಚ್ಚಿಕೊಳ್ಳಬಾರದೆಂದು ನಿಶ್ಚಯಿಸಿದ್ದೇನೆ. ನಾನು ಅತಿ ಮಾಡುತ್ತಿದ್ದೇನೆಯೆ? ವಿಮಾನ ನಿಲ್ದಾಣಕ್ಕಾದರೂ ಹೋಗಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿರುವ ಅಳು, ಸಿಡುಕು, ಜಗಳ ಇವೆಲ್ಲ ನನಗೆ ಸಹಜವಾಗಿಯೇ ಕಂಡವು. ಇನ್ನು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಎಂಬ ನಿಶ್ಚಯ ಮಾತ್ರ ಚಿಂತೆಗೆ ಕಾರಣವಾಯಿತು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಯಜಮಾನರ ಮಾತನ್ನು ನೋಡೋಣ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ ಮತ್ತು ಆ ಅರ್ಧ ನಿಜದಿಂದಾಗಿಯೇ ನಿಮಗೆ ನಿಮ್ಮ ದುಃಖದ ಬಗ್ಗೆ ನಾಚಿಕೆಯಾಗುತ್ತಿದೆ.

ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್ ಇರುವುದು ನಿಜ. ಆದರೆ ನಿಮ್ಮಿಬ್ಬರ ಸ್ನೇಹ ಬೆಳೆದದ್ದು ಹುಬ್ಬಳ್ಳಿಯಲ್ಲಿಯೂ ಅಲ್ಲ, ಗದಗಿನಲ್ಲಿಯೂ ಅಲ್ಲ. ಅದು ಬೆಳೆದದ್ದು ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆ, ಮಕ್ಕಳು ಬಸ್ಸಿನಿಂದ ಇಳಿಯುವ ಹೊತ್ತಿನಲ್ಲಿ, ಊರಿನಿಂದ ಬಂದ ಜೋಳದ ಹಿಟ್ಟನ್ನು ಇಬ್ಬರೂ ಹಂಚಿಕೊಂಡ ದಿನಗಳಲ್ಲಿ, ಗಂಡಂದಿರು ಕೆಲಸದ ಮೇಲಿದ್ದಾಗ ಮಗುವಿಗೆ ಜ್ವರ ಏರಿದ ರಾತ್ರಿಗಳಲ್ಲಿ. ಗದಗಿಗೆ ಮರಳಿದ ಮೇಲೆ ಅವಳು ಒಂದು ತುಂಬಿದ ಮನೆಯ ಸೊಸೆಯಾಗುತ್ತಾಳೆ. ಅತ್ತೆ, ನೆಗೆಣ್ಣಿ, ನಾದಿನಿ, ತನ್ನದೇ ಅಕ್ಕತಂಗಿಯರು ಎಲ್ಲರೂ ಸುತ್ತ ಇರುತ್ತಾರೆ. ನೀವಾದರೋ ಅಲ್ಲಿನ ಶಾಲೆಗಳ ಬೇಸಿಗೆ ರಜೆಗೆ, ಅಂದರೆ ಜುಲೈ-ಆಗಸ್ಟಿನಲ್ಲಿ, ಮಳೆಗಾಲದ ನಡುವೆ ಊರಿಗೆ ಬರುವವರು. ಬಂದ ನಾಲ್ಕಾರು ವಾರಗಳಲ್ಲಿ ತವರು, ಅತ್ತೆಯ ಮನೆ, ಲಗ್ನ, ಬ್ಯಾಂಕಿನ ಕೆಲಸ ಎಲ್ಲವನ್ನೂ ಮುಗಿಸಬೇಕು. ಅಷ್ಟರಲ್ಲಿ ಪಂಚಮಿ ಬಂದರೆ ಅವಳು ತನ್ನ ತವರಿಗೆ ಹೋಗಿರುತ್ತಾಳೆ. ಎಲ್ಲವೂ ಕೂಡಿಬಂದರೂ ನಿಮಗೆ ಸಿಗುವುದು ಒಂದು ಮಧ್ಯಾಹ್ನ. ಪಡಸಾಲೆಯಲ್ಲಿ ಅವಳ ಅತ್ತೆ ಪಕ್ಕದಲ್ಲಿಯೇ ಕುಳಿತು ನಿಮ್ಮ ತಂದೆತಾಯಿಯ ಆರೋಗ್ಯ ವಿಚಾರಿಸುತ್ತಿರುತ್ತಾರೆ, ತಟ್ಟೆಯಲ್ಲಿ ಗಿರ್ಮಿಟ್ಟು-ಮಿರ್ಚಿ ಇರುತ್ತದೆ, ಚಹಾ ಬರುತ್ತದೆ, ಐದು ಗಂಟೆಗೆ ನಿಮ್ಮನ್ನು ಕರೆದೊಯ್ಯಲು ಗಾಡಿ ಬಂದು ನಿಲ್ಲುತ್ತದೆ. ಶಾರ್ಜಾದಲ್ಲಿ ಯಾವ ಮುನ್ನುಡಿಯೂ ಇಲ್ಲದೆ ಆಡುತ್ತಿದ್ದ ಮಾತು ಅಲ್ಲಿ ಬಾಯಿಗೆ ಬರುವುದಿಲ್ಲ. ಕೊಲ್ಲಿ ದೇಶಗಳಿಂದ ಮರಳಿ ಧಾರವಾಡದಲ್ಲಿ ನನ್ನ ಬಳಿ ಸಲಹೆಗೆ ಬಂದ ಗೃಹಿಣಿಯರಿಂದ ಈ ಮಾತನ್ನು ಕೇಳಿದ್ದೇನೆ: ಹಳೆಯ ಗೆಳತಿಯನ್ನು ಭೆಟ್ಟಿಯಾಗಿ ಬಂದ ದಿನ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಯಿತು, ಆಮೇಲೆ ತಮ್ಮ ಸ್ನೇಹವೇ ಸುಳ್ಳಾಗಿತ್ತೇನೋ ಎಂಬ ಅನುಮಾನ ಬಂತು ಎಂದು. ಸ್ನೇಹ ಸುಳ್ಳಾಗಿರುವುದಿಲ್ಲ. ಅದಕ್ಕೆ ಆಧಾರವಾಗಿದ್ದ ದಿನಚರಿ ಹೋಗಿರುತ್ತದೆ. ನೀವು ಈಗ ಕಳೆದುಕೊಳ್ಳುತ್ತಿರುವುದು ಆ ದಿನಚರಿಯನ್ನು. ಅದನ್ನು ಹಿಂದಿರುಗಿಸುವ ಶಕ್ತಿ ಒಂದು ತಾಸಿನ ಹಾದಿಗೆ ಇಲ್ಲ.

ಹುಬ್ಬಳ್ಳಿಯಲ್ಲಿ ಬೆಳೆದ ನಿಮಗೆ ಅಗಲುವಿಕೆ ಹೊಸದಲ್ಲವೆಂದು ಯಾರಾದರೂ ಹೇಳಬಹುದು. ಅದು ರೈಲ್ವೆಯ ಊರು. ಕ್ವಾರ್ಟರ್ಸಿನ ನೆರೆಹೊರೆ ವರ್ಗಾವಣೆಯಲ್ಲಿ ಬದಲಾಗುತ್ತಲೇ ಇರುತ್ತದೆ. ಆದರೆ ಊರಿನಲ್ಲಿ ಒಂದು ಮನೆ ಖಾಲಿಯಾದಾಗ ಉಳಿದವರ ಸುತ್ತ ತವರು ಇರುತ್ತದೆ, ದಾಯಾದಿಗಳು ಇರುತ್ತಾರೆ, ಹೆಸರು ಹಿಡಿದು ಕರೆಯುವ ಅಂಗಡಿಯವನಿರುತ್ತಾನೆ. ಶಾರ್ಜಾದಲ್ಲಿ ಆ ಒಬ್ಬಳೇ ನಿಮಗೆ ಅಕ್ಕ, ನೆರೆಯವಳು, ಆಪತ್ತಿನಲ್ಲಿ ಮನೆಯ ಕೀಲಿಕೈ ಇಟ್ಟುಕೊಳ್ಳುವವಳು, ಮಗಳ ಎರಡನೆಯ ತಾಯಿ ಎಲ್ಲವೂ ಆಗಿದ್ದಾಳೆ. ಇದಲ್ಲದೆ ಕೊಲ್ಲಿ ದೇಶಗಳ ಕನ್ನಡಿಗರಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರೇ ಹೆಚ್ಚು, ನಮ್ಮ ಕಡೆಯವರು ಕಡಿಮೆ. 'ಯಾಕವಾ, ಮಾರಿ ಸಣ್ಣ ಮಾಡೀಯಲ್ಲ' ಎಂದು ನಿಮ್ಮದೇ ಧಾಟಿಯಲ್ಲಿ ಕೇಳುವವರು ಆ ಕಟ್ಟಡದಲ್ಲಿ ಇನ್ನೊಬ್ಬರು ಇರಲಾರರು.

ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಒಂದು ಬಗೆಯ ದುಃಖವನ್ನು ಗುರುತಿಸಿ ವಿವರಿಸಿದರು. ನಷ್ಟ ನಿಜವಾದದ್ದು, ಆದರೆ ಅದಕ್ಕಾಗಿ ಬಹಿರಂಗವಾಗಿ ದುಃಖಿಸುವ ಹಕ್ಕನ್ನು ಸಮಾಜ ಕೊಡುವುದಿಲ್ಲ, ಹೀಗಾಗಿ ಸಾಂತ್ವನ ಹೇಳಲು ಯಾರೂ ಬರುವುದಿಲ್ಲ. ಅಂಥ ದುಃಖ ಬೇಗ ಕರಗುವುದೂ ಇಲ್ಲ ಎಂಬುದು ಅವರ ವಿಚಾರದ ಸಾರ. ಗೆಳತಿಯ ಅಗಲುವಿಕೆ ಈ ವರ್ಗಕ್ಕೆ ಚೆನ್ನಾಗಿ ಹೊಂದುತ್ತದೆ. ಯಾರೂ ತೀರಿಕೊಂಡಿಲ್ಲ, ಯಾರೂ ದ್ರೋಹ ಮಾಡಿಲ್ಲ, ಹೋಗುವವಳು ತನ್ನವರ ಬಳಿಗೇ ಹೋಗುತ್ತಿದ್ದಾಳೆ. ಹಾಗಿರುವಾಗ ಅಳುವುದಕ್ಕೆ ಕಾರಣವೇನು ಎಂದು ಲೋಕ ಕೇಳುತ್ತದೆ. ನಿಮ್ಮ ವಿಷಯದಲ್ಲಿ ಹಿಂದಿನ ಇಬ್ಬರು ಗೆಳತಿಯರು ಹೋದಾಗಲೂ ಬಹುಶಃ ಹೀಗೆಯೇ ಆಗಿರಬೇಕು. ಆಗ ಅಳದೆ ಉಳಿದದ್ದನ್ನು ಈಗ ಮೂರನೆಯವಳ ಹೆಸರಿನಲ್ಲಿ ಅಳುತ್ತಿದ್ದೀರಿ. ಆದ್ದರಿಂದ ಅತಿ ಮಾಡುತ್ತಿದ್ದೇನೆಯೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಇಲ್ಲ.

ಈಗ ನೋವಿನ ವಿಷಯಕ್ಕೆ ಬರುತ್ತೇನೆ. ಸುದ್ದಿಯನ್ನು ಅವಳು ನಿಮಗೆ ಮೊದಲು ಹೇಳಲಿಲ್ಲ. ಇದನ್ನು ನೀವು ಅಪನಂಬಿಕೆಯೆಂದು ಓದಿಕೊಂಡಿದ್ದೀರಿ, ನಾನು ಹಾಗೆ ಓದಲಾರೆ. ಶಾರ್ಜಾ ಸೇರಿರುವ ಯುಎಇಯಲ್ಲಿ (ಸಂಯುಕ್ತ ಅರಬ್ ಎಮಿರೇಟ್ಸ್) ವಾಸದ ವೀಸಾ ಸಾಮಾನ್ಯವಾಗಿ ನೌಕರಿಗೆ ಅಂಟಿಕೊಂಡಿರುತ್ತದೆ, ಹೆಂಡತಿ-ಮಕ್ಕಳ ವೀಸಾ ಗಂಡನ ವೀಸಾಕ್ಕೆ ಅಂಟಿಕೊಂಡಿರುತ್ತದೆ. ನೌಕರಿ ಹೋದರೆ ಅಥವಾ ಬಿಟ್ಟರೆ ಮನೆಯೇ ಏಳಬೇಕು. ಹೀಗಾಗಿ ಊರಿಗೆ ಮರಳುವ ನಿರ್ಧಾರವನ್ನು ಜನ ಕೊನೆಯವರೆಗೂ ಗುಟ್ಟಾಗಿ ಇಡುತ್ತಾರೆ. ಕಂಪನಿಗೆ ಇನ್ನೂ ನೋಟಿಸು ಕೊಟ್ಟಿರುವುದಿಲ್ಲ. ಲೆಕ್ಕ ಚುಕ್ತಾ ಆಗುವಾಗ ಬರಬೇಕಾದ ಗ್ರ್ಯಾಚುಟಿಯ ಚಿಂತೆ ಇರುತ್ತದೆ. ಕೆಲಸ ಹೋದದ್ದೇ ಕಾರಣವಾಗಿದ್ದರೆ ಹೇಳಲು ಮುಜುಗರ. ನಿರ್ಧಾರ ಬದಲಾದರೆ ನಗೆಪಾಟಲು ಎಂಬ ಅಂಜಿಕೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಹತ್ತಿರದವರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಬಸ್ಸಿನ ಹತ್ತಿರ ನಿಂತ ಪರಿಚಯದವರಿಗೆ ಹೇಳಿದರೆ ಅವರು 'ಹೌದಾ' ಎಂದು ಸುಮ್ಮನಾಗುತ್ತಾರೆ. ನಿಮಗೆ ಹೇಳಿದರೆ ಇಬ್ಬರೂ ಅಳಬೇಕಾಗುತ್ತದೆ. ಅವಳು ಅದನ್ನು ಮುಂದೂಡುತ್ತಾ ಬಂದಿರಬೇಕು.

ಜಗಳದ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ದೇಶದಿಂದ ದೇಶಕ್ಕೆ ಓಡಾಡುವ ಕುಟುಂಬಗಳ ನಡುವೆ ಬಹುಕಾಲ ಕೆಲಸ ಮಾಡಿದ ಡೇವಿಡ್ ಪೊಲಾಕ್ ಅವರು, ಹೊರಡುವ ದಿನ ಹತ್ತಿರವಾದಂತೆ ಜನ ತಮಗೆ ಗೊತ್ತಿಲ್ಲದಂತೆಯೇ ಸಂಬಂಧದ ಹಿಡಿತವನ್ನು ಸಡಿಲಿಸುತ್ತಾರೆ, ಸಿಟ್ಟು ಮಾಡಿಕೊಂಡು ಹೋದರೆ ಹೋಗುವುದು ಸುಲಭವಾಗುತ್ತದೆ ಎಂಬುದನ್ನು ಗಮನಿಸಿದ್ದರು. ಉಳಿಯುವವರೂ ಅದನ್ನೇ ಮಾಡುತ್ತಾರೆ. ಹೊರಡುವ ಮುನ್ನ ನಾಲ್ಕು ಕೆಲಸ ಮಾಡಬೇಕೆಂದು ಪೊಲಾಕ್ ಹೇಳುತ್ತಿದ್ದರು: ಮುರಿದದ್ದನ್ನು ಸರಿಪಡಿಸಿಕೊಳ್ಳುವುದು, ಉಪಕಾರವನ್ನು ಬಾಯಿಬಿಟ್ಟು ನೆನೆಯುವುದು, ಸರಿಯಾಗಿ ವಿದಾಯ ಹೇಳುವುದು, ಮುಂದೆ ಹೋಗುವ ಊರಿನ ಬಗ್ಗೆ ವಾಸ್ತವವಾಗಿ ಯೋಚಿಸುವುದು. ಇವನ್ನು ಅವರು ಹೋಗುವವರಿಗಾಗಿ ಹೇಳಿದರು. ಉಳಿಯುವವರಿಗೂ ಇವು ಅಷ್ಟೇ ಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೋಗುವವಳಿಗೆ ಕಾರ್ಗೋ, ಶಾಲೆಯ ಟಿ.ಸಿ., ಕಾರಿನ ಮಾರಾಟ, ಹೊಸ ಮನೆಯ ವ್ಯವಸ್ಥೆ ಎಂದು ಕೈತುಂಬ ಕೆಲಸವಿರುತ್ತದೆ. ಉಳಿಯುವವಳಿಗೆ ಇರುವುದು ನೋಡುತ್ತಾ ನಿಲ್ಲುವ ಕೆಲಸವೊಂದೇ.

ಮೊದಲನೆಯದನ್ನು ಈ ವಾರವೇ ಮಾಡಿರಿ. ಅವಳ ಮನೆಯಲ್ಲಿ ಅರ್ಧ ಕಟ್ಟಿದ ಡಬ್ಬಿಗಳ ನಡುವೆ ಬೇಡ. ಅವಳನ್ನು ನಿಮ್ಮ ಮನೆಗೆ ಕರೆಯಿರಿ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ. ಪೀಠಿಕೆ ಹಾಕದೆ, ನಿಮ್ಮ ಮನೆಯ ಮಾತಿನಲ್ಲಿಯೇ ಹೇಳಿರಿ: 'ನೀ ಹೋಗೂದು ನನಗ ಮಂದಿ ಕಡಿಂದ ಗೊತ್ತಾತು. ಭಾಳ ಬ್ಯಾಸರಾತು. ಅದನ್ನ ಹೊಟ್ಯಾಗ ಇಟ್ಕೊಂಡು ನಿನ್ನ ಕಳಸೂದು ನನ್ನ ಕಡಿಂದ ಆಗೂದಿಲ್ಲ.' ಇಷ್ಟು ಹೇಳಿ ನಿಲ್ಲಿಸಿರಿ. 'ಯಾಕ ಹೇಳ್ಲಿಲ್ಲ' ಎಂದು ಕೇಳಿದರೆ ಅವಳು ಸಮಜಾಯಿಷಿ ಕೊಡಲು ತೊಡಗುತ್ತಾಳೆ, ಮಾತು ಯಾರ ತಪ್ಪು ಎಂಬ ಕಡೆಗೆ ಹೊರಳುತ್ತದೆ. ಕೈಗಡದ ಲೆಕ್ಕ, ತಂದ ಪಾತ್ರೆ, ಕೊಟ್ಟ ಒಡವೆ ಏನಾದರೂ ಬಾಕಿಯಿದ್ದರೆ ಅದನ್ನೂ ಅಂದೇ ಮುಗಿಸಿಕೊಳ್ಳಿರಿ. ನಮ್ಮ ಕಡೆ ಸಂಕೋಚದಿಂದ ಬಿಟ್ಟ ಸಣ್ಣ ಹಣದ ಬಾಕಿ ವರ್ಷಗಳ ನಂತರವೂ ದೊಡ್ಡ ಸ್ನೇಹಗಳನ್ನು ಕೆಡಿಸಿದ್ದನ್ನು ಕಂಡಿದ್ದೇನೆ.

ಎರಡನೆಯದು ನಮಗೆ ಇನ್ನೂ ಕಷ್ಟ. ಮುಖಕ್ಕೆ ಮುಖ ಕೊಟ್ಟು ಉಪಕಾರ ಹೇಳುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿಲ್ಲ. ಹೇಳಿದರೆ ಪರಕೀಯರಂತೆ ಕಾಣುತ್ತದೆ ಎನ್ನುತ್ತೇವೆ. ಆದರೆ ಇದೇ ಕೆಲಸಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ. ನಿಮ್ಮ ಮನೆತನದಲ್ಲಿ ಪದ್ಧತಿಯಿದ್ದರೆ ಅವಳಿಗೆ ಉಡಿ ತುಂಬಿರಿ. ಊರಿನಲ್ಲಿ ಹೆಣ್ಣುಮಗಳು ತವರಿನಿಂದ ಹೊರಡುವಾಗ ಮಾಡುವುದನ್ನು ನೀವು ಅವಳು ಊರಿಗೆ ಹೊರಡುವಾಗ ಮಾಡುತ್ತೀರಿ, ಅಷ್ಟೇ ವ್ಯತ್ಯಾಸ. ಮಣೆ ಹಾಕಿ ಕೂರಿಸಿ, ಅರಿಶಿಣ-ಕುಂಕುಮ ಹಚ್ಚಿ, ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ ಹಾಕುವಾಗ ಇಬ್ಬರೂ ಒಬ್ಬರನ್ನೊಬ್ಬರು ಅತ್ಯಂತ ಹತ್ತಿರದಿಂದ ನೋಡುತ್ತೀರಿ, ಐದು ನಿಮಿಷ ಬೇರೆ ಯಾವ ಕೆಲಸವೂ ಇರುವುದಿಲ್ಲ. ಆಗ ಒಂದು ಮಾತು ತಾನಾಗಿ ಬರುತ್ತದೆ, ಬಾರದಿದ್ದರೂ ಕೈ ಮಾಡಿದ ಕೆಲಸವೇ ಅದನ್ನು ಹೇಳಿರುತ್ತದೆ. ಆ ಪದ್ಧತಿ ಇಲ್ಲದಿದ್ದರೆ ಒಂದು ಪತ್ರ ಬರೆಯಿರಿ. ಅದರಲ್ಲಿ 'ನೀನು ಒಳ್ಳೆಯವಳು' ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ದಿನ ಏನು ಮಾಡಿದಳು, ಅದರಿಂದ ನಿಮಗೆ ಏನಾಯಿತು ಎಂಬುದನ್ನು ಬರೆಯಿರಿ.

ಹೋಟೆಲಿನ ಊಟಕ್ಕೆ ಹೋಗಿರಿ, ಒಂದು ತಾಸು ಇದ್ದು ಬನ್ನಿರಿ. ಕೇಕು, ಸೆಲ್ಫಿ, ನೆನಪಿನ ಕಾಣಿಕೆ ಇವು ಇಡೀ ಬಳಗದ ಅಗತ್ಯಗಳು, ಅವಕ್ಕೆ ಅವುಗಳದೇ ಬೆಲೆ ಇದೆ. ನಿಮ್ಮಿಬ್ಬರ ವಿದಾಯ ಅಲ್ಲಿ ನಡೆಯಬೇಕೆಂದು ಮಾತ್ರ ನಿರೀಕ್ಷಿಸಬೇಡಿರಿ.

ಮಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಹೊರನಾಡುಗಳಲ್ಲಿ ಬೆಳೆಯುವ ಮಕ್ಕಳ ಬಗೆಗಿನ ಅಧ್ಯಯನದ ಬೇರು ನಮ್ಮ ದೇಶದಲ್ಲಿಯೇ ಇದೆ. 1950ರ ದಶಕದಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯುಸೀಮ್ ಅವರು ಪತಿ ಜಾನ್ ಅವರೊಂದಿಗೆ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಅಭ್ಯಸಿಸುತ್ತಾ, ತಂದೆತಾಯಿಯ ಸಂಸ್ಕೃತಿಯೂ ಅಲ್ಲದ, ಇರುವ ನಾಡಿನದೂ ಅಲ್ಲದ ನಡುವಿನ ಒಂದು ಬದುಕನ್ನು ಈ ಮಕ್ಕಳು ಬದುಕುತ್ತಾರೆಂದು ಗುರುತಿಸಿದರು. ಅಂಥ ಮಕ್ಕಳಿಗೆ ಮೇಲಿಂದ ಮೇಲೆ ಬರುವ ಅಗಲುವಿಕೆಯೇ ಬದುಕಿನ ದೊಡ್ಡ ಪಾಠವಾಗುತ್ತದೆ, ಮತ್ತು ಆ ಪಾಠವನ್ನು ಅವರು ಮನೆಯ ಹಿರಿಯರನ್ನು ನೋಡಿ ಕಲಿಯುತ್ತಾರೆ. ನಿಮ್ಮ ಮಗಳು ಆಟ ಬಿಟ್ಟಿರುವುದು ನೀವು ಮಾತು ಬಿಟ್ಟಿರುವುದಕ್ಕೆ ಉತ್ತರವೂ ಆಗಿರಬಹುದು. ಅವಳಿಗೆ 'ಮುಂದಿನ ರಜೆಗೆ ಸಿಗ್ತಾಳ, ಅಳಬ್ಯಾಡ' ಎನ್ನಬೇಡಿರಿ. 'ಅಕಿ ಹೋಗೂದು ಖರೇ, ನಿನಗೂ ನನಗೂ ಬ್ಯಾಸರಾಗ್ತದ' ಎಂದು ಹೇಳಿರಿ. ಒಂಬತ್ತು ವರ್ಷದ ಮಗುವಿಗೆ ಮಾತಿಗಿಂತ ಕೆಲಸ ಸುಲಭ. ಇಬ್ಬರೂ ಕೂಡಿ ತಮ್ಮ ಇಷ್ಟದ ಜಾಗಗಳನ್ನು, ಅಂದರೆ ಬಸ್ಸಿನ ಸ್ಟಾಪು, ಲಿಫ್ಟು, ಕೆಳಗಿನ ಕಿರಾಣಿ ಅಂಗಡಿ, ಇವುಗಳ ಫೋಟೋ ತೆಗೆಯಲಿ, ಒಂದೊಂದು ಪ್ರತಿ ಇಟ್ಟುಕೊಳ್ಳಲಿ. ಆಟಿಕೆ ಅದಲುಬದಲು ಮಾಡಿಕೊಳ್ಳಲಿ. ಹೊರಡುವ ದಿನ ಶಾಲೆಯಿದ್ದರೂ ರಜೆ ಹಾಕಿಸಿರಿ. ಮಗು ಶಾಲೆಯಿಂದ ಬರುವಷ್ಟರಲ್ಲಿ ಗೆಳತಿಯ ಮನೆಗೆ ಬೀಗ ಬಿದ್ದಿದ್ದರೆ ಅದನ್ನು ಅವಳು ಬಹುಕಾಲ ಮರೆಯುವುದಿಲ್ಲ.

ಇನ್ನು ಅವಳು ಹೋದ ಮೇಲಿನ ದಿನಗಳು. ಮೊದಲ ಎರಡು ಮೂರು ತಿಂಗಳು ಅವಳಿಂದ ಹೆಚ್ಚು ಸುದ್ದಿ ಬರದಿದ್ದರೆ ಅದನ್ನು ಮರೆವು ಎನ್ನಬೇಡಿರಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಗದಗಿಗೆ ಇಳಿದು, ಮಕ್ಕಳಿಗೆ ಶಾಲೆ ಹುಡುಕಿ, ಬಹಳ ವರ್ಷಗಳ ಮೇಲೆ ಕೂಡುಕುಟುಂಬದ ಅಡಿಗೆಮನೆಗೆ ಹೊಂದಿಕೊಳ್ಳಬೇಕಾದವಳು ಅವಳು. ಮರಳಿದವರಿಗೂ ಒಂದು ಒಂಟಿತನವಿದೆ. ತಾನು ಬಿಟ್ಟುಹೋದ ಊರು ಬದಲಾಗಿದೆ, ತಾನೂ ಬದಲಾಗಿದ್ದಾಳೆ, ಆದರೆ 'ಅಂತೂ ಬಂದ್ಯಲ್ಲ, ಇನ್ನೇನು ಚಿಂತಿ' ಎನ್ನುವವರೇ ಸುತ್ತಲೂ ಇರುತ್ತಾರೆ. ಶಾರ್ಜಾವನ್ನು ನೆನೆದು ಅಳಲು ಅವಳಿಗೂ ಅಲ್ಲಿ ಯಾರೂ ಸಿಗುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಒಂದು ಸಣ್ಣ, ನಡೆಸಲು ಸಾಧ್ಯವಿರುವ ಕರಾರು ಮಾಡಿಕೊಳ್ಳಿರಿ. 'ದಿನಾ ಮಾತಾಡೋಣ' ಎಂಬ ಮಾತು ಹದಿನೈದು ದಿನವೂ ನಡೆಯುವುದಿಲ್ಲ, ಮುರಿದಾಗ ಇಬ್ಬರಿಗೂ ಅಪರಾಧಿ ಭಾವ. ಹದಿನೈದು ದಿನಕ್ಕೊಮ್ಮೆ ನಿಗದಿಯಾದ ವಾರ, ನಿಗದಿಯಾದ ಹೊತ್ತು ಎಂದಿದ್ದರೆ ನಡೆಯುತ್ತದೆ. ಶಾರ್ಜಾದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ, ಯುಎಇಯಲ್ಲಿ ವಾಟ್ಸಾಪಿನ ಕರೆಗಳಿಗೆ ನಿರ್ಬಂಧವಿದೆ ಎಂಬ ಅಡಚಣೆಗಳು ನಿಮಗೆ ತಿಳಿದವೇ. ಅದಕ್ಕಾಗಿ ಧ್ವನಿ ಸಂದೇಶಗಳನ್ನು ಕಳಿಸುವುದು ಒಳ್ಳೆಯದು: ರೊಟ್ಟಿ ಬಡಿಯುತ್ತಾ ಕೇಳಬಹುದು, ಉತ್ತರ ಕೊಡಲು ಅವಸರವಿಲ್ಲ, ಪಡಸಾಲೆಯಲ್ಲಿ ಯಾರಿದ್ದಾರೆಂಬ ಅಂಜಿಕೆಯೂ ಇಲ್ಲ. ಊರಿಗೆ ಬಂದಾಗ ಅವಳ ಮನೆಗೆ ಹೋಗುವ ಬದಲು ಇಬ್ಬರೂ ಹೊರಗೆ ಒಂದು ಕಡೆ ಭೆಟ್ಟಿಯಾಗಿರಿ. ಗದಗಿನಿಂದ ಲಕ್ಕುಂಡಿ ದೂರವಿಲ್ಲ. ಕಾಶಿವಿಶ್ವೇಶ್ವರನ ಗುಡಿಯ ಜಗತಿಯ ಮೇಲೆ ಕುಳಿತರೆ ಚಹಾ ತರುವವರೂ ಇರುವುದಿಲ್ಲ, ಕುಶಲ ಕೇಳುವವರೂ ಇರುವುದಿಲ್ಲ.

ನಿಮ್ಮ ನಿಶ್ಚಯದ ವಿಷಯ ಉಳಿಯಿತು. ಯುಎಇಯ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿ ಹೊರನಾಡಿನವರು, ಅವರಲ್ಲಿ ಬಹುತೇಕರಿಗೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಅಂದರೆ ಅಲ್ಲಿ ನಿಮಗೆ ಸಿಗುವ ಯಾವ ಗೆಳತಿಯೂ ಒಂದು ದಿನ ಹೋಗುವವಳೇ, ಒಂದು ದಿನ ನೀವೂ ಹೋಗುವವರೇ. ಹೋಗದ ಗೆಳತಿಗಾಗಿ ಕಾದರೆ ಶಾರ್ಜಾದಲ್ಲಿರುವಷ್ಟು ದಿನವೂ ಒಬ್ಬರೇ ಇರಬೇಕಾಗುತ್ತದೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರಿಯ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ತಾಸು, ಗೆಳೆತನವೆನಿಸಲು ಸುಮಾರು 90 ತಾಸು, ಆಪ್ತ ಗೆಳೆತನವಾಗಲು 200 ತಾಸುಗಳಿಗಿಂತ ಹೆಚ್ಚು ಕಾಲ ಕೂಡಿ ಕಳೆಯಬೇಕಾಗುತ್ತದೆ. ಇವು ಅಮೆರಿಕದ ಸರಾಸರಿಗಳು, ನಮಗೆ ತಾಸಿನ ಲೆಕ್ಕ ಅಷ್ಟು ಮುಖ್ಯವಲ್ಲ. ಆದರೆ ಆಪ್ತತೆ ಗುಣದಿಂದ ಮಾತ್ರವಲ್ಲದೆ ಕೂಡಿ ಕಳೆದ ಹೊತ್ತಿನಿಂದಲೂ ಬೆಳೆಯುತ್ತದೆ ಎಂಬ ತಿರುಳು ನಿಮಗೆ ಉಪಯೋಗವಾಗುವಂಥದ್ದು. ಗದಗಿನ ಗೆಳತಿಯೂ ಮೊದಲ ದಿನ ಲಿಫ್ಟಿನಲ್ಲಿ ಸಿಕ್ಕ ಅಪರಿಚಿತಳೇ ಆಗಿದ್ದಳು. ದಿನಕ್ಕೆರಡು ತಾಸು ಕೂಡಿ ಕಳೆಯುವ ಕಟ್ಟಡದಲ್ಲಿ 200 ತಾಸು ನಾಲ್ಕು ತಿಂಗಳೊಳಗೆ ಸೇರುತ್ತದೆ. ಹೊಸದಾಗಿ ಬಂದ ಕುಟುಂಬ ಉಡುಪಿಯದೋ ಕೇರಳದ್ದೋ ಆಗಿದ್ದರೆ ರುಚಿ ಬೇರೆಯಿರುತ್ತದೆ, ಆದರೆ ಮಗುವಿನ ಜ್ವರದ ರಾತ್ರಿ ಬಾಗಿಲು ತಟ್ಟಲು ಒಂದು ಮನೆಯಂತೂ ಇರುತ್ತದೆ. ತಕ್ಷಣ ಆಗಬೇಕೆಂದಿಲ್ಲ. ಒಂದೆರಡು ತಿಂಗಳು ಯಾರೊಂದಿಗೂ ಬೆರೆಯದೆ ಇದ್ದರೂ ತಪ್ಪಿಲ್ಲ. ಅದು ನಿಯಮವಾಗಬಾರದು ಎಂದಷ್ಟೇ ನನ್ನ ಆಗ್ರಹ.

ಎರಡು ವಾರಗಳಿಗಿಂತ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿರುವುದು, ಊಟ-ನಿದ್ದೆ ಕೆಡುವುದು, ಮಗಳ ಆರೈಕೆಯೂ ಭಾರವೆನಿಸುವುದು ಕಂಡರೆ ಅಲ್ಲಿಯೇ ಮನೋವೈದ್ಯರನ್ನು ಕಾಣಿರಿ. ಊರಿಗೆ ಮರಳಿದ ಗೆಳತಿಗೆ ಅಂಥ ಸ್ಥಿತಿ ಬಂದರೆ ಕನ್ನಡದಲ್ಲಿಯೇ ಮಾತನಾಡಬಹುದಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಆಸ್ಪತ್ರೆ ಇದೆ ಎಂಬುದನ್ನು ಅವಳಿಗೂ ತಿಳಿಸಿಟ್ಟಿರಿ.

ವಿಮಾನ ನಿಲ್ದಾಣಕ್ಕೆ ಹೋಗುವುದು ಕಡ್ಡಾಯವೇನೂ ಅಲ್ಲ, ಮತ್ತು ನನ್ನನ್ನು ಕೇಳಿದರೆ ಹೋಗದಿರುವುದೇ ಲೇಸು. ಅಲ್ಲಿ ಅವಳ ಗಮನವೆಲ್ಲ ಬ್ಯಾಗಿನ ತೂಕ, ಪಾಸ್‌ಪೋರ್ಟು, ಕೈಬಿಟ್ಟು ಓಡುವ ಮಗ ಇವುಗಳ ಮೇಲೆ ಇರುತ್ತದೆ. ಅವಳು ಸರಿಯಾಗಿ ಮಾತನಾಡಲಿಲ್ಲವೆಂಬ ಕೊರಗು ನಿಮಗೆ ಹೊಸದಾಗಿ ಅಂಟಿಕೊಳ್ಳುತ್ತದೆ. ಅದರ ಬದಲು ಹಿಂದಿನ ರಾತ್ರಿ ಅವಳ ಮನೆಯ ಒಲೆ, ಪಾತ್ರೆಗಳೆಲ್ಲ ಕಟ್ಟಿಹೋಗಿರುವುದರಿಂದ ಅವರೆಲ್ಲರ ಊಟ ನಿಮ್ಮ ಮನೆಯಲ್ಲಾಗಲಿ. ದಾರಿಗೆ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಚಟ್ನಿಯ ಬುತ್ತಿ ಕಟ್ಟಿಕೊಡಿರಿ. ಗೋವಾಕ್ಕೋ ಬೆಂಗಳೂರಿಗೋ ಇಳಿದು ಅಲ್ಲಿಂದ ಗದಗಿನವರೆಗೆ ಹೋಗಬೇಕಾದ ಹಾದಿ ಉದ್ದವಾಗಿದೆ, ಬುತ್ತಿ ಖಂಡಿತ ಉಪಯೋಗಕ್ಕೆ ಬರುತ್ತದೆ. ನಿಮ್ಮ ಯಜಮಾನರು ಬೇಕಾದರೆ ಸಾಮಾನು ಏರಿಸಲು ನಿಲ್ದಾಣದವರೆಗೆ ಹೋಗಿಬರಲಿ.